ಮೈಗೆ ವಯಸ್ಸಾಗುವಾಗ ಮನಸ್ಸಿಗೆ ಏನಾಗುತ್ತದೆ?

ಮುಂಬಯಿಯಲ್ಲಿ ನಮಗೆ ವಯಸ್ಸಾಗಿದೆ ಅಂತ ಮೊದಲು ಹೇಳುವುದು ಬಹುಶಃ ಲೋಕಲ್ ರೈಲು. ವರ್ಷಗಟ್ಟಲೆ ಓಡಿ ಹತ್ತಿದ ಅದೇ ಫಾಸ್ಟ್ ಲೋಕಲನ್ನು ಒಂದು ಬೆಳಿಗ್ಗೆ ಸುಮ್ನೆ ಬಿಟ್ಟುಬಿಡುತ್ತೇವೆ. ಸೇತುವೆಯ ಮೆಟ್ಟಿಲಿನ ನಡುವೆ ಮೊಬೈಲ್ ನೋಡುವವರಂತೆ ನಿಂತು ಉಸಿರು ತೆಗೆದುಕೊಳ್ಳುತ್ತೇವೆ. ಆಮೇಲೊಂದು ದಿನ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು ಮರಾಠಿಯಲ್ಲಿ 'ಆಜಿ, ಬಸಾ' (ಅಜ್ಜಿ, ಕೂತುಕೊಳ್ಳಿ) ಎನ್ನುತ್ತಾಳೆ. ಸೀಟು ಸಿಕ್ಕಿದ ಖುಷಿಗಿಂತ ಆಜಿ ಅನ್ನಿಸಿಕೊಂಡ ಕಸಿವಿಸಿಯೇ ಜಾಸ್ತಿ, ಅಲ್ವಾ? ಮನೆಗೆ ಬಂದು ಅದನ್ನು ತಮಾಷೆ ಮಾಡಿ ಹೇಳುತ್ತೇವೆ. ರಾತ್ರಿ ಮಲಗುವಾಗ ಮತ್ತೆ ನೆನಪಾಗುತ್ತದೆ.

ಈ ಕಸಿವಿಸಿಗೆ ಕಾರಣವಿದೆ. ಮೈ ದಿನವೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಆದರೆ ಮನಸ್ಸಿನಲ್ಲಿರುವ ನಮ್ಮ ಚಿತ್ರ ಅಷ್ಟು ಬೇಗ ಬದಲಾಗುವುದಿಲ್ಲ. 2006ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ 'ನಿಮಗೆ ಎಷ್ಟು ವಯಸ್ಸಾದಂತೆ ಅನ್ನಿಸುತ್ತದೆ' ಎಂದು ಜನರನ್ನು ಕೇಳಿದ್ದರು. ನಲವತ್ತು ದಾಟಿದವರು ಹೇಳಿದ ವಯಸ್ಸು ಸರಾಸರಿಯಲ್ಲಿ ನಿಜ ವಯಸ್ಸಿಗಿಂತ ಶೇಕಡಾ 20ರಷ್ಟು ಕಡಿಮೆ ಇತ್ತು. ಅಂದರೆ ಅರವತ್ತರ ಮನುಷ್ಯ ಒಳಗೊಳಗೆ ನಲವತ್ತೆಂಟರಲ್ಲೇ ಇದ್ದಾನೆ. ಇದರಲ್ಲಿ ತಪ್ಪೇನೂ ಇಲ್ಲ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುವ ಹುಮ್ಮಸ್ಸು ಅಲ್ಲಿಂದಲೇ ಬರುತ್ತದೆ. ಆದರೆ ಮದುವೆಯ ಫೋಟೊ, ಮೆಟ್ಟಿಲು, ಯಾರೋ ಬಿಟ್ಟುಕೊಟ್ಟ ಸೀಟು ಆ ಎರಡು ವಯಸ್ಸುಗಳನ್ನು ಒಂದೇ ಕ್ಷಣದಲ್ಲಿ ಎದುರಿಗೆ ತಂದು ನಿಲ್ಲಿಸುತ್ತವೆ. ಆಗ ಮನಸ್ಸು ಬೆಚ್ಚುತ್ತದೆ.

ಮೈಯಲ್ಲಿ ನಡೆಯುವುದನ್ನು ಬೇಗ ಹೇಳಿಬಿಡುತ್ತೇನೆ. ನಲವತ್ತು ದಾಟುತ್ತಲೇ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಕೂದಲಿಗೆ ಬಣ್ಣ ಕೊಡುವ ಕೋಶಗಳು ಬರಿದಾಗುತ್ತವೆ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ತೆಳುವಾಗಿ ಎತ್ತರವೇ ಸ್ವಲ್ಪ ಇಳಿಯುತ್ತದೆ. ಸ್ನಾಯು ಕರಗುತ್ತದೆ, ಅದಕ್ಕಿಂತ ಬೇಗ ಶಕ್ತಿ ಕರಗುತ್ತದೆ. ಗಾಢ ನಿದ್ದೆಯ ಪಾಲು ಕಡಿಮೆಯಾಗಿ ಬೆಳಗಿನ ನಾಲ್ಕಕ್ಕೇ ಎಚ್ಚರವಾಗುತ್ತದೆ. ಬಾಯಾರಿಕೆ ಗೊತ್ತಾಗುವುದೂ ತಡ. ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ. ನಮ್ಮ ದೇಶದಲ್ಲಿ ಅದು ಸಾಮಾನ್ಯವಾಗಿ ನಲವತ್ತಾರು ನಲವತ್ತೇಳರ ಸುಮಾರಿಗೆ. ಅದರ ಹಿಂದೆಮುಂದೆ ಕೆಲವು ವರ್ಷ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುತ್ತದೆ. ಮೇ ತಿಂಗಳ ಮುಂಬಯಿಯಲ್ಲಿ ಅದನ್ನು ಅನುಭವಿಸಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಇವೆಲ್ಲ ಆರೋಗ್ಯದ ಪುಟಗಳಲ್ಲಿ ಸಿಗುವ ಮಾತುಗಳೇ. ಇವು ಮನಸ್ಸಿಗೆ ಏನು ಮಾಡುತ್ತವೆ ಅಂತ ಹೇಳುವವರು ಕಡಿಮೆ.

ಇದೂ ಒಂದು ದುಃಖವೇ

ಮನೆಯಲ್ಲಿ ಸಾವಾದರೆ ಜನ ಬಂದು ಕೂರುತ್ತಾರೆ. ಹದಿಮೂರು ದಿನ ಅಂತ ಒಂದು ಲೆಕ್ಕವಿದೆ. ಅತ್ತರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಂಡಿ ಹೋದರೆ, ಕಿವಿ ಮಂದವಾದರೆ, ಹಲ್ಲು ಕೀಳಿಸಿದರೆ ಯಾರೂ ಮಾತಾಡಿಸಲು ಬರುವುದಿಲ್ಲ. 'ವಯಸ್ಸಾಯ್ತಲ್ಲ, ಇನ್ನೇನು' ಅಂತ ಅಲ್ಲಿಗೇ ಮಾತು ಮುಗಿಯುತ್ತದೆ. ಆದರೆ ಕಳೆದುಕೊಂಡದ್ದು ನಿಜವಾಗಿ ನಮ್ಮದೇ. ಇಪ್ಪತ್ತು ಜನರಿಗೆ ಒಬ್ಬರೇ ನೀರುದೋಸೆ ಹೊಯ್ದ ಕೈ, ಐವತ್ತು ಕಿಲೋ ಅಕ್ಕಿ ಮೂಟೆ ಎತ್ತಿದ ಬೆನ್ನು. ಅದು ಹೋದಾಗ ದುಃಖವಾಗುವುದು ಸಹಜ.

ದುಃಖಕ್ಕೆ ಜಾಗ ಸಿಗದಿದ್ದರೆ ಅದು ವೇಷ ಹಾಕಿಕೊಂಡು ಬರುತ್ತದೆ. ಗಂಡಸರಲ್ಲಿ ಹೆಚ್ಚಾಗಿ ಸಿಟ್ಟಿನ ವೇಷ. ಫ್ಯಾನಿನ ಸ್ಪೀಡಿಗೆ ಜಗಳ, ಸಾರಿಗೆ ಉಪ್ಪು ಕಡಿಮೆ ಅಂತ ಜಗಳ, ವಾಚ್‌ಮನ್ ಜತೆ ಜಗಳ, ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗಿಗೆ ಜಗಳ. ಹೆಂಗಸರಲ್ಲಿ ಅದು ಹಲವು ಸಲ ಕೆಲಸದ ಹಟವಾಗುತ್ತದೆ. ಸೊಸೆ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವುದು, ಕಾಲು ಊದಿದ್ದರೂ ಕೂರದೇ ಇರುವುದು. ಮನೆಯವರಿಗೆ ಇದು 'ಸ್ವಭಾವ ಬದಲಾಯಿತು' ಅನ್ನಿಸುತ್ತದೆ. ಕೆಳಗೆ ನೋಡಿದರೆ ಭಯವಿರುತ್ತದೆ: ನಾಳೆ ನನ್ನಿಂದ ಏನೂ ಆಗದಿದ್ದರೆ ನಾನು ಯಾರು?

ಮುಂಬಯಿ ಕನ್ನಡಿಗರಲ್ಲಿ ಒಂದು ತಲೆಮಾರಿಗೆ ಈ ಪ್ರಶ್ನೆ ಇನ್ನೂ ಹರಿತ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಿಂದ ಹುಡುಗರಾಗಿದ್ದಾಗಲೇ ಬಂದವರು ಎಷ್ಟೋ ಮಂದಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಬರಿಗೈಯಲ್ಲಿ ಬಂದವರಿಗೆ ಮೈಯೇ ಬಂಡವಾಳ. ದಿನವಿಡೀ ನಿಂತು ದುಡಿದದ್ದಕ್ಕೆ ಸಾಕ್ಷಿಯಾಗಿ ಕಾಲಿನಲ್ಲಿ ನೀಲಿ ನರಗಳು ಉಬ್ಬಿವೆ. ಅಂಥವರಿಗೆ 'ಇನ್ನು ಗಲ್ಲಾದಲ್ಲಿ ಕೂತರೆ ಸಾಕು, ಒಳಗೆ ಬರಬೇಡಿ' ಅಂತ ಮಗ ಪ್ರೀತಿಯಿಂದಲೇ ಹೇಳಿದರೂ ಅದು ಬೇರೆ ಥರ ಕೇಳಿಸುತ್ತದೆ. ಮೈ ದುಡಿಯುವುದರಲ್ಲೇ ಮರ್ಯಾದೆ ಕಂಡವರಿಗೆ ವಿಶ್ರಾಂತಿ ಅಂದರೆ ಕೆಲಸದಿಂದ ತೆಗೆದ ಹಾಗೆ.

ಹೋರಾಟ ಎಲ್ಲಿ, ಹೊಂದಾಣಿಕೆ ಎಲ್ಲಿ

ವಯಸ್ಸಾಗುವುದರ ಮನಶ್ಶಾಸ್ತ್ರದಲ್ಲಿ ನನಗೆ ತುಂಬ ಉಪಯೋಗದ್ದು ಅನ್ನಿಸಿದ ವಿಚಾರವೊಂದಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಯೊಹೆನ್ ಬ್ರಾಂಟ್‌ಸ್ಟೆಟರ್ ಅದನ್ನು ವಿವರಿಸಿದವರು. ಏನನ್ನಾದರೂ ಕಳೆದುಕೊಳ್ಳುವಾಗ ಮನುಷ್ಯನಿಗೆ ಎರಡು ದಾರಿಗಳಿರುತ್ತವೆ. ಒಂದು, ಪರಿಸ್ಥಿತಿಯನ್ನೇ ಬದಲಾಯಿಸಲು ಪಟ್ಟು ಹಿಡಿಯುವುದು. ಇನ್ನೊಂದು, ನಮಗೆ ಬೇಕಾದದ್ದನ್ನೇ ಬದಲಾಯಿಸಿಕೊಳ್ಳುವುದು. ವಯಸ್ಸಾದಂತೆ ಎರಡನೆಯದರ ಪಾಲು ತಾನಾಗಿಯೇ ಹೆಚ್ಚುತ್ತದೆ. ಅದನ್ನು ಸೋಲು ಅನ್ನಬೇಕಾಗಿಲ್ಲ. ಮನಸ್ಸು ನೆಮ್ಮದಿ ಉಳಿಸಿಕೊಳ್ಳುವ ರೀತಿ ಅದು.

ಇದಕ್ಕೆ ಹತ್ತಿರದ ಇನ್ನೊಂದು ವಿಚಾರ ಪಾಲ್ ಬಾಲ್ಟಿಸ್ ಮತ್ತು ಮಾರ್ಗರೆಟ್ ಬಾಲ್ಟಿಸ್ ದಂಪತಿಯದು. ಅವರು ಕೊಡುತ್ತಿದ್ದ ಉದಾಹರಣೆ ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್. ಎಂಬತ್ತರ ವಯಸ್ಸಿನಲ್ಲೂ ಇಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರಿ ಅಂತ ಅವರನ್ನು ಕೇಳಿದರು. ನುಡಿಸುವ ಕೃತಿಗಳನ್ನು ಕಡಿಮೆ ಮಾಡಿದ್ದೇನೆ, ಅವನ್ನೇ ಹೆಚ್ಚು ಸಲ ಅಭ್ಯಾಸ ಮಾಡುತ್ತೇನೆ, ವೇಗದ ಭಾಗ ಬರುವ ಮೊದಲು ಬೇಕಂತಲೇ ನಿಧಾನ ಮಾಡುತ್ತೇನೆ, ಆಗ ಮುಂದಿನದು ವೇಗವಾಗಿ ಕೇಳಿಸುತ್ತದೆ. ಇದು ಅವರ ಉತ್ತರದ ಸಾರ. ಆ ಮೂರನೆಯ ಉಪಾಯ ನನಗೆ ಬಹಳ ಇಷ್ಟ. ಸ್ವಲ್ಪ ಕಳ್ಳತನವೂ ಇದೆ ಅದರಲ್ಲಿ.

ನಮ್ಮ ನಡುವೆಯೂ ಇಂಥ ಉಪಾಯಗಾರರಿದ್ದಾರೆ. ಯಕ್ಷಗಾನದಲ್ಲಿ ಮಂಡಿ ಸೋತ ಹಿರಿಯ ವೇಷಧಾರಿ ಕುಣಿತ ಕಡಿಮೆ ಮಾಡಿ ಮಾತಿನಲ್ಲಿ ಪ್ರಸಂಗವನ್ನು ಎತ್ತುತ್ತಾರೆ. ಮದುವೆ ಅಡುಗೆಯ ಹಳೆಯ ಭಟ್ಟರು ಕೊಪ್ಪರಿಗೆ ಎತ್ತುವುದಿಲ್ಲ. ಸ್ಟೂಲ್ ಹಾಕಿಕೊಂಡು ಕೂತು, ಬರೀ ಪರಿಮಳ ನೋಡಿಯೇ ಸಾಂಬಾರಿಗೆ ಇನ್ನೇನು ಬೇಕು ಅಂತ ಹೇಳುತ್ತಾರೆ. ಜನ ಅವರನ್ನೇ ಕರೆಯುತ್ತಾರೆ.

ತೊಂದರೆ ಬರುವುದು ಎರಡು ದಾರಿ ಅದಲುಬದಲಾದಾಗ. ಸರಿಮಾಡಬಹುದಾದದ್ದನ್ನು 'ವಯಸ್ಸು' ಅಂತ ಬಿಟ್ಟುಬಿಡುತ್ತೇವೆ. ಸರಿಮಾಡಲಾಗದ್ದರ ಜತೆ ದಿನವೂ ಕುಸ್ತಿ ಮಾಡುತ್ತೇವೆ. ಮುಖದ ಸುಕ್ಕಿಗೆ ಸಾವಿರಾರು ರೂಪಾಯಿಯ ಕ್ರೀಮ್ ಕೊಳ್ಳುವ ಮನೆಯಲ್ಲೇ ಕಿವಿ ಪರೀಕ್ಷೆ ಮುಂದಕ್ಕೆ ಹೋಗುತ್ತಿರುತ್ತದೆ. ನನ್ನ ಮಟ್ಟಿಗೆ ವಯಸ್ಸಿನ ಅರ್ಧ ಸಂಕಟ ಈ ತಪ್ಪು ಹಂಚಿಕೆಯಿಂದಲೇ ಬರುತ್ತದೆ. ಕೂದಲಿಗೆ ಬಣ್ಣ ಹಚ್ಚುವವರನ್ನು ನಾನು ಆಡಿಕೊಳ್ಳುತ್ತಿಲ್ಲ. ಕೆಲಸದ ಜಾಗದಲ್ಲಿ ಬಿಳಿಕೂದಲನ್ನು ಜನ ಹೇಗೆ ನೋಡುತ್ತಾರೆಂದು ಎಲ್ಲರಿಗೂ ಗೊತ್ತು. ಹಚ್ಚುವ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡಿ. ಕೆಲವರಿಗೆ ಅಲರ್ಜಿಯಾಗುತ್ತದೆ.

ನಾಚಿಕೆ ತಿನ್ನುವ ಮೂರು ಜಾಗಗಳು

ಕಿವಿಯಿಂದ ಶುರು ಮಾಡುತ್ತೇನೆ. ಇಲ್ಲಿ ಕಳೆದುಕೊಳ್ಳುವುದು ಬಹಳ, ನಾಚಿಕೆ ಇನ್ನೂ ಬಹಳ.

ವಯಸ್ಸಿನ ಕಿವುಡು ಎಲ್ಲ ಸದ್ದನ್ನೂ ಒಂದೇ ಸಮನೆ ಕಡಿಮೆ ಮಾಡುವುದಿಲ್ಲ. ಒಳಗಿವಿಯ ಸೂಕ್ಷ್ಮ ಕೂದಲು ಕೋಶಗಳು ಸವೆಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಸ, ಶ, ಫ ಥರದ ವ್ಯಂಜನಗಳು ಅಲ್ಲಿಯೇ ಇರುವುದು. ಅ, ಆ, ಓ ಚೆನ್ನಾಗಿಯೇ ಕೇಳುತ್ತವೆ. ಅದಕ್ಕೇ ಹಿರಿಯರು 'ನನಗೆ ಕೇಳಿಸುತ್ತದೆ, ನೀವು ಸರಿಯಾಗಿ ಮಾತಾಡುವುದಿಲ್ಲ' ಅಂತ ವಾದಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ದನಿ ಕೇಳುತ್ತದೆ, ಮಾತು ಕೂಡಿಕೊಳ್ಳುವುದಿಲ್ಲ. ಮಕ್ಕಳ ದನಿ ಇನ್ನೂ ಕಷ್ಟ. ಗಲಾಟೆಯಲ್ಲಂತೂ ಆಗುವುದೇ ಇಲ್ಲ. ಕಿರುಚಿದರೆ ಕಿವಿಗೆ ನೋವಾಗುತ್ತದೆ, ಅರ್ಥ ಅಷ್ಟರಲ್ಲೇ ಇರುತ್ತದೆ.

ಈಗ ಇದರ ಪರಿಣಾಮ ನೋಡಿ. ವಾರದ ಕೊನೆಗೆ ತಪ್ಪದೆ ತಾಳಮದ್ದಳೆಗೆ ಹೋಗುತ್ತಿದ್ದ ಹಿರಿಯರು ನಿಧಾನವಾಗಿ ನಿಲ್ಲಿಸುತ್ತಾರೆ. ಮದ್ದಳೆ ಕೇಳುತ್ತದೆ, ಅರ್ಥಗಾರಿಕೆ ತಪ್ಪಿಹೋಗುತ್ತದೆ. ಪಕ್ಕದವರು ನಕ್ಕಾಗ ತಾವೂ ನಗಬೇಕು, ಯಾಕೆ ಅಂತ ಗೊತ್ತಿರುವುದಿಲ್ಲ. ಕೇಳಿದರೆ 'ಈಗಿನವರು ಚೆನ್ನಾಗಿ ಅರ್ಥ ಹೇಳುವುದಿಲ್ಲ ಮಾರಾಯ' ಎನ್ನುತ್ತಾರೆ. ಮೊಮ್ಮಗ ಫೋನ್ ಮಾಡಿದರೆ 'ಅಜ್ಜಿಗೆ ಕೊಡುತ್ತೇನೆ' ಅಂತ ದಾಟಿಸುತ್ತಾರೆ. ಒಂಟಿತನ ಹೀಗೆ ಮನೆ ತುಂಬ ಜನರಿರುವಾಗಲೇ ಬಂದು ಕೂರುತ್ತದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆಗುಳಿ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವಿ ಮಂದವಾಗುವುದೂ ಕಣ್ಣು ಮಂದವಾಗುವುದೂ ಅದರಲ್ಲಿವೆ.

ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ. ಹಿಯರಿಂಗ್ ಏಡ್ ಅಂದರೆ ಮಾತ್ರ ವರ್ಷಗಟ್ಟಲೆ ತಳ್ಳುತ್ತಾರೆ. ಹಾಕಿದ ಮೊದಲ ವಾರ ತಟ್ಟೆಯ ಸದ್ದು, ಹಾರ್ನ್, ತಮ್ಮದೇ ದನಿ ಎಲ್ಲ ಮೈಮೇಲೆ ಬಂದಂತಾಗುತ್ತದೆ. ಅಲ್ಲಿಗೆ ಎಷ್ಟೋ ಮಂದಿ ಅದನ್ನು ಡ್ರಾಯರಿಗೆ ಹಾಕಿಬಿಡುತ್ತಾರೆ. ವರ್ಷಗಳಿಂದ ಆ ಸದ್ದುಗಳನ್ನು ಕೇಳದ ಮಿದುಳಿಗೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು. ಮನೆಯಲ್ಲಿ ಶಾಂತವಾದ ಹೊತ್ತಿನಲ್ಲಿ ಶುರು ಮಾಡಿ, ಆಮೇಲೆ ಹೊರಗೆ ಹೋಗಬೇಕು. ಸೆಟ್ಟಿಂಗ್ ಸರಿಮಾಡಿಸಲು ಮತ್ತೆ ಮತ್ತೆ ಹೋಗಲು ಬೇಸರ ಪಡಬಾರದು. ಬಾಂದ್ರಾ ಪಶ್ಚಿಮದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಈ ಸಂಸ್ಥೆ ಇದೇ ಕೆಲಸಕ್ಕೆಂದೇ ಇರುವುದು. ಬಡ ಹಿರಿಯರಿಗೆ ಶ್ರವಣ ಸಾಧನ, ಕನ್ನಡಕ, ಊರುಗೋಲು, ಹಲ್ಲುಸೆಟ್ಟು ಒದಗಿಸುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ.

ಎರಡನೆಯದು ಮೂತ್ರದ ವಿಷಯ. ಇದನ್ನು ನಮ್ಮ ಹೆಂಗಸರು ಅಕ್ಕತಂಗಿಯರ ಹತ್ತಿರವೂ ಹೇಳುವುದಿಲ್ಲ. ಕೆಮ್ಮಿದರೆ, ಸೀನಿದರೆ, ನಕ್ಕರೆ ಸ್ವಲ್ಪ ಸೋರುತ್ತದೆ. ಹೆರಿಗೆಗಳಿಂದ ಸಡಿಲವಾದ ತಳಭಾಗದ ಸ್ನಾಯುಗಳು ಮುಟ್ಟು ನಿಂತ ಮೇಲೆ ಇನ್ನೂ ಸೋಲುತ್ತವೆ. ಹೇಳದೆ ಒಂದೊಂದಾಗಿ ಬಿಡುತ್ತಾ ಬರುತ್ತಾರೆ. ಮೊದಲು ದೂರದ ಮದುವೆ, ಆಮೇಲೆ ಭಜನೆ, ಆಮೇಲೆ ಊರಿಗೆ ರೈಲು. ಹೊರಗೆ ಹೋಗಲೇಬೇಕಾದರೆ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಈ ಊರಿನ ಸ್ಟೇಷನ್ನುಗಳಲ್ಲಿ ಶುಚಿಯಾದ ಶೌಚಾಲಯ ಹುಡುಕಿದವರಿಗೆ ಅದು ಯಾಕೆ ಅಂತ ಗೊತ್ತು. ಆದರೆ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಕೆಣಕುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಅವಸರ ಹೆಚ್ಚೇ ಆಗುತ್ತದೆ.

ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯೂ ಅಲ್ಲ, ಆಪರೇಷನ್ನೂ ಅಲ್ಲ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು, ಕೆಲವು ಸೆಕೆಂಡ್ ಇಟ್ಟು, ಬಿಡುವ ವ್ಯಾಯಾಮ. ಕುಳಿತಲ್ಲೇ ಮಾಡಬಹುದು, ಲೋಕಲಿನಲ್ಲೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಫಿಸಿಯೋಥೆರಪಿಸ್ಟ್ ಒಮ್ಮೆ ಸರಿಯಾಗಿ ತೋರಿಸಿಕೊಟ್ಟರೆ ಒಳ್ಳೆಯದು. ದಿನವೂ ಮಾಡಿದರೆ ಮೂರು ತಿಂಗಳ ಹೊತ್ತಿಗೆ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಗಂಡಸರ ಕತೆ ಬೇರೆ. ವಯಸ್ಸಾದಂತೆ ಪ್ರೊಸ್ಟೇಟ್ ಗ್ರಂಥಿ ದಪ್ಪವಾಗಿ ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಅದಕ್ಕೆ ಒಳ್ಳೆಯ ಔಷಧಿಗಳಿವೆ. ನಿದ್ದೆಗೆಟ್ಟು ಹಗಲೆಲ್ಲ ಸಿಡುಕುವ ಮನುಷ್ಯನಿಗೆ ಬೇಕಾದದ್ದು ಉಪದೇಶಕ್ಕಿಂತ ಮೊದಲು ಒಬ್ಬ ಯೂರಾಲಜಿಸ್ಟ್.

ಮೂರನೆಯದು ಗಂಡ ಹೆಂಡಿರ ನಡುವಿನದು. ಚಿಕ್ಕದಾಗಿ ಹೇಳುತ್ತೇನೆ, ನಮ್ಮಲ್ಲಿ ಇದನ್ನು ಹೇಳುವ ರೂಢಿಯೇ ಇಲ್ಲವಲ್ಲ. ಮುಟ್ಟು ನಿಂತ ಮೇಲೆ ಒಣಗಿದಂತಾಗಿ ನೋವಾದರೆ ಅದಕ್ಕೆ ಹಚ್ಚುವ ಮುಲಾಮುಗಳಿವೆ, ಸ್ತ್ರೀರೋಗ ತಜ್ಞರಿಗೆ ಇದು ದಿನದ ಕೆಲಸ. ಗಂಡಸಿಗೆ ಉದ್ರೇಕದ ತೊಂದರೆ ಶುರುವಾದರೆ ನಾಚಿಕೆ ಪಟ್ಟು ಪೇಪರಿನ ಜಾಹೀರಾತು ನೋಡಿ ಪುಡಿ ತರಿಸುವುದು ಬೇಡ. ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದರ ಮೊದಲ ಸೂಚನೆ ಅದಾಗಿರಬಹುದು. ಹೃದಯದ ತೊಂದರೆ ಕೆಲವು ವರ್ಷಗಳ ಮೊದಲೇ ಹೀಗೆ ಸುಳಿವು ಕೊಡುವುದುಂಟು. ಶುಗರ್, ಬಿಪಿ ನೋಡಿಸಿ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ದೂರವಾದಾಗ ಇನ್ನೊಬ್ಬರು 'ನಾನು ಬೇಡವಾದೆ' ಅಂದುಕೊಂಡು ಒಳಗೇ ನೊಂದುಕೊಳ್ಳುವುದನ್ನು ಒಂದು ನೇರ ಮಾತು ತಪ್ಪಿಸಬಹುದು.

ಬೀಳುವ ಭಯ

ಒಮ್ಮೆ ಬಾತ್‌ರೂಮಿನಲ್ಲಿ ಜಾರಿದವರು, ಏನೂ ಮುರಿಯದಿದ್ದರೂ, ಆಮೇಲೆ ಬೇರೆಯೇ ರೀತಿ ನಡೆಯುತ್ತಾರೆ. ಗೋಡೆ ಹಿಡಿಯುತ್ತಾರೆ, ಹೆಜ್ಜೆ ಸಣ್ಣದಾಗುತ್ತದೆ, ಹೊರಗೆ ಹೋಗುವುದು ನಿಲ್ಲುತ್ತದೆ. ನಡೆಯದೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದ್ದರಿಂದ ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಭಯವೇ ಭಯಪಟ್ಟದ್ದನ್ನು ಕರೆತರುತ್ತದೆ. ಲಿಫ್ಟ್ ಇಲ್ಲದ ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದ್ದರೆ ಇದು ಗೃಹಬಂಧನವಾಗುವುದಕ್ಕೆ ಹೆಚ್ಚು ಕಾಲ ಬೇಡ. ರೀಡೆವಲಪ್‌ಮೆಂಟ್ ಆಗಿ ಲಿಫ್ಟ್ ಬರುತ್ತದೆ ಅಂತ ಕಾಯುತ್ತಾ ಕಾಲು ಕಳೆದುಕೊಂಡವರನ್ನು ಡೊಂಬಿವಿಲಿಯಲ್ಲೋ ಮುಲುಂಡಿನಲ್ಲೋ ನೀವೂ ನೋಡಿರುತ್ತೀರಿ.

ಇಲ್ಲಿ ಪಟ್ಟು ಹಿಡಿಯಬೇಕು. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗ ವೈದ್ಯರ ನಡುವೆ ಪ್ರಸಿದ್ಧ. ಅಮೆರಿಕದ ಬಾಸ್ಟನ್ನಿನ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ತೊಡೆಯ ಶಕ್ತಿ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ! ಚಿಕ್ಕ ಪ್ರಯೋಗ ನಿಜ, ಆದರೆ ಆಮೇಲೆ ಬಂದ ಎಷ್ಟೋ ಅಧ್ಯಯನಗಳು ಅದೇ ದಿಕ್ಕನ್ನು ತೋರಿಸಿವೆ. ಸ್ನಾಯು ಯಾವ ವಯಸ್ಸಿನಲ್ಲೂ ಹೇಳಿದ ಮಾತು ಕೇಳುತ್ತದೆ. ಮನೆಯಲ್ಲಿ ಮಾಡಲು ಗಟ್ಟಿಯಾದ ಕುರ್ಚಿ ಸಾಕು. ಕೈ ಊರದೆ ಎದ್ದು ಕೂರುವುದು, ಅದೂ ಆಗದಿದ್ದರೆ ಊರಿಕೊಂಡು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಬೇಕು. ಬಾತ್‌ರೂಮಿನಲ್ಲಿ ಹಿಡಿಕೆ ಹಾಕಿಸುವುದಕ್ಕೆ 'ನಾನೇನು ರೋಗಿಯಾ' ಅಂತ ತಕರಾರು ಬರುತ್ತದೆ. ಆಗ 'ಮನೆಯಲ್ಲಿ ಎಲ್ಲರಿಗೂ ಬೇಕು' ಅಂತ ಹಾಕಿಸಿಬಿಡಿ.

ಬೆಳಗಿನ ನಾಲ್ಕರ ಎಚ್ಚರದ ಬಗ್ಗೆ ಒಂದು ಮಾತು. ಒಂದು ರೂಮ್ ಕಿಚನ್ ಮನೆಯಲ್ಲಿ ದೀಪ ಹಾಕುವ ಹಾಗಿಲ್ಲ, ಮಗ ಸೊಸೆ ಮಲಗಿರುತ್ತಾರೆ. ಕತ್ತಲಲ್ಲಿ ಕೂತವರಿಗೆ ಬೇಡದ ಯೋಚನೆಗಳೇ ಬರುತ್ತವೆ. ವಾಕಿಂಗನ್ನು ಸಂಜೆಗೆ ಬದಲಾಯಿಸಿ ನೋಡಿ. ಸಂಜೆಯ ಬೆಳಕು ಮೈಯ ಗಡಿಯಾರವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತದೆ, ನಿದ್ದೆ ತಡವಾಗಿ ಬಂದು ತಡವಾಗಿ ಬಿಡುತ್ತದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ.

ವಯಸ್ಸಿನ ಹೆಸರಿನಲ್ಲಿ ಅಡಗುವ ಕಾಯಿಲೆ

ದುಃಖ ಬರುತ್ತದೆ, ಹೋಗುತ್ತದೆ. ನಡುವೆ ನಗು ಬರುತ್ತದೆ, ಊಟ ರುಚಿಸುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಹೆಚ್ಚು ಹೊತ್ತು, ಇಷ್ಟದ ಯಾವುದೂ ಬೇಡ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಹಿರಿಯರಲ್ಲಿ ಅದು ಅಳುವಾಗಿ ಕಾಣುವುದು ಕಡಿಮೆ. ಮೈಕೈ ನೋವು, ಹೊಟ್ಟೆ ಸರಿ ಇಲ್ಲ, ನಿದ್ದೆ ಇಲ್ಲ, ಊಟ ಬೇಡ, ಏನೂ ನೆನಪಿರುವುದಿಲ್ಲ ಎಂಬ ದೂರುಗಳಾಗಿ ಬರುತ್ತದೆ. ಟೆಸ್ಟುಗಳೆಲ್ಲ ಸರಿ ಇರುತ್ತವೆ. ಮನೆಯವರು 'ಸುಮ್ನೆ ಹೇಳ್ತಾರೆ' ಅಂದುಕೊಳ್ಳುತ್ತಾರೆ.

ನಮ್ಮ ದೇವನಾರಿನಲ್ಲೇ ಇರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ ದೇಶದಾದ್ಯಂತ 45 ದಾಟಿದ ಸುಮಾರು 72,000 ಜನರ ಸಮೀಕ್ಷೆ ನಡೆಸಿತು. ಲಾಸಿ ಅಂತ ಅದರ ಚಿಕ್ಕ ಹೆಸರು. ಅರವತ್ತು ದಾಟಿದವರಲ್ಲಿ ಶೇಕಡಾ 8.3ರಷ್ಟು ಮಂದಿಗೆ ಖಿನ್ನತೆಯ ಲಕ್ಷಣಗಳು ಕಂಡವು. ಡಾಕ್ಟರು ತಮಗೆ ಖಿನ್ನತೆ ಇದೆ ಎಂದಿದ್ದಾರೆ ಅಂತ ಹೇಳಿದವರು ಶೇಕಡಾ 0.8 ಮಾತ್ರ. ಹತ್ತರಲ್ಲಿ ಒಂಬತ್ತು ಮಂದಿ ಹೆಸರಿಲ್ಲದ ಕಾಯಿಲೆಯನ್ನು ಹೊತ್ತು ತಿರುಗುತ್ತಿದ್ದಾರೆ ಅಂತಾಯಿತು.

ಇನ್ನೂ ಸುಲಭವಾಗಿ ಹಿಡಿಯಬಹುದಾದ ಕಾರಣಗಳಿವೆ. ಥೈರಾಯ್ಡ್ ಕಡಿಮೆಯಾದರೆ ಮನಸ್ಸು ಮಂಕಾಗುತ್ತದೆ. ಬಿ12 ಕಡಿಮೆಯಾದರೆ ಸುಸ್ತು, ಮರೆವು, ಕಾಲು ಜುಮ್ಮೆನ್ನುವುದು, ಬೇಸರ. ಸಸ್ಯಾಹಾರಿಗಳಲ್ಲಿ, ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಇದು ಸಾಮಾನ್ಯ. ಒಂದೇ ಸಲ ರಕ್ತ ಕೊಟ್ಟರೆ ಎರಡನ್ನೂ ಪರೀಕ್ಷೆ ಮಾಡಿಸಬಹುದು.

ಮಾತಾಡಲು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಐವತ್ತು ವರ್ಷ ಈ ಊರಿನಲ್ಲಿದ್ದು ಮರಾಠಿ, ಹಿಂದಿ ಸಲೀಸಾಗಿ ಆಡುವವರಿಗೂ ಒಳಗಿನ ನೋವು ಹೇಳುವಾಗ ಕನ್ನಡವೋ ತುಳುವೋ ಬೇಕಾಗುತ್ತದೆ. ಹಿರಿಯರ ಇತರ ತೊಂದರೆಗಳಿಗೆ 14567 ಎಂಬ ಎಲ್ಡರ್‌ಲೈನ್ ಬೇರೆ ಇದೆ.

ಸ್ವಲ್ಪ ಒಳ್ಳೆಯ ಸುದ್ದಿ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್‌ಟೆನ್ಸನ್ ದಶಕಗಳಿಂದ ಒಂದು ವಿಚಾರ ಹೇಳುತ್ತಾ ಬಂದಿದ್ದಾರೆ. ಮುಂದಿರುವ ಕಾಲ ಕಡಿಮೆ ಅನ್ನಿಸತೊಡಗಿದಾಗ ಜನ ತಮಗೆ ಮುಖ್ಯವಾದ ಕೆಲವೇ ಸಂಬಂಧಗಳ ಕಡೆ ತಿರುಗುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ಅದಕ್ಕೇ ಮೈ ಸೋತರೂ ಹಿರಿಯರಲ್ಲಿ ಅನೇಕರು ಎಳೆಯರಿಗಿಂತ ಸಮಾಧಾನವಾಗಿರುತ್ತಾರೆ. ಇನ್ನೊಬ್ಬ ಸಂಶೋಧಕಿ ಬೆಕಾ ಲೆವಿ 2002ರಲ್ಲಿ ಅಮೆರಿಕದ ಓಹಾಯೊದ 660 ಜನರ ಮಾಹಿತಿ ನೋಡಿದರು. ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಇದನ್ನು ವಾಟ್ಸಾಪಿನಲ್ಲಿ 'ಖುಷಿಯಾಗಿರಿ, ಆಯಸ್ಸು ಹೆಚ್ಚುತ್ತದೆ' ಅಂತ ಕಳಿಸುವವರಿದ್ದಾರೆ. ಎರಡು ವಿಷಯ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಾಗುವುದಿಲ್ಲ. ನೋವಿನಲ್ಲಿರುವವರಿಗೆ 'ಪಾಸಿಟಿವ್ ಆಗಿರಿ' ಅನ್ನುವುದು ನನ್ನ ದೃಷ್ಟಿಯಲ್ಲಿ ಒಂದು ಬಗೆಯ ಬೈಗುಳ.

ಜತೆ ಮಾತ್ರ ನಿಜವಾಗಿ ಕೆಲಸ ಮಾಡುತ್ತದೆ. 1995ರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಅಂಧೇರಿಯ ಲೋಖಂಡ್‌ವಾಲಾದ ಪಾರ್ಕಿನಲ್ಲಿ ನಗೆಕೂಟ ಶುರು ಮಾಡಿದಾಗ ಇದ್ದದ್ದು ಐದೇ ಮಂದಿ. ಈಗ ಜಗತ್ತಿನ ಎಷ್ಟೋ ಊರುಗಳಲ್ಲಿವೆ. ನಗುವಿನ ಲಾಭದ ಬಗ್ಗೆ ಏನೇ ಹೇಳಲಿ, ದಿನವೂ ಒಂದೇ ಹೊತ್ತಿಗೆ ಅದೇ ಮುಖಗಳು ಸಿಗುತ್ತವೆ, ಬರದಿದ್ದರೆ 'ಯಾಕೆ ಬರಲಿಲ್ಲ' ಅಂತ ಫೋನ್ ಬರುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮವಾಗಲಿ, ಉಪನಗರದ ಸಣ್ಣ ಭಜನಾ ಮಂಡಳಿಯಾಗಲಿ ಕೊಡುವುದು ಅದನ್ನೇ. ಸಂಘದವರಿಗೆ ಒಂದು ವಿನಂತಿ: ಸನ್ಮಾನದ ಶಾಲು ಒಂದೆರಡು ಕಡಿಮೆ ಮಾಡಿ ಸಭಾಂಗಣದ ಮೈಕ್ ಸರಿಮಾಡಿಸಿ, ಮೆಟ್ಟಿಲಿಗೆ ಕೈಹಿಡಿ ಹಾಕಿಸಿ, ಶೌಚಾಲಯದ ಬಲ್ಬ್ ಬದಲಿಸಿ.

ಕೊನೆಗೆ, ಊರಿಗೆ ಹೋಗುವ ಮಾತು. ಮುಂಬಯಿ ಕನ್ನಡಿಗರ ಬಹುಪಾಲು ಮನೆಗಳಲ್ಲಿ 'ರಿಟೈರ್ ಆದ ಮೇಲೆ ಊರಿಗೆ' ಎಂಬ ಕನಸು ಗೋಡೆಯ ಕ್ಯಾಲೆಂಡರಿನಷ್ಟೇ ಖಾಯಂ. ಊರಿನಲ್ಲಿ ಗಾಳಿ, ಅಂಗಳ, ದೈವದ ಕೋಲ, ಹೆಸರು ಹಿಡಿದು ಕರೆಯುವವರು ಎಲ್ಲ ಇದ್ದಾರೆ. ಆದರೆ ಆ ಕನಸು ಕಂಡಾಗ ಮೈಗೆ ನಲವತ್ತು. ಈಗ ಅಲ್ಲಿ ಅಂಗಳಕ್ಕೆ ಇಳಿಯಲು ಕಲ್ಲಿನ ಮೆಟ್ಟಿಲು, ಆಸ್ಪತ್ರೆಗೆ ರಿಕ್ಷಾ ಕರೆಸಬೇಕು, ಒಡಹುಟ್ಟಿದವರೂ ಹಣ್ಣಾಗಿದ್ದಾರೆ, ಅವರ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಇಲ್ಲಿ ಮನೆ ಇಕ್ಕಟ್ಟು, ಆದರೆ ಕೆಳಗೇ ಮೆಡಿಕಲ್ ಶಾಪ್. ಯಾವುದು ಸರಿ ಅಂತ ನಾನು ಹೇಳಲಾರೆ. ಮುಂಬಯಿಯ ಮನೆ ಮಾರುವ ಮೊದಲು ಅಲ್ಲಿ ಮೂರು ತಿಂಗಳು ಇದ್ದು ನೋಡುವುದು ಒಳ್ಳೆಯದು. ಅದೂ ಡಿಸೆಂಬರಿನಲ್ಲಿ ಬೇಡ, ಆಗ ಮದುವೆ, ಕೋಲ, ಯಕ್ಷಗಾನ ಅಂತ ಊರು ತುಂಬಿರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇರಬೇಕು, ಅಂಗಳ ಪಾಚಿಗಟ್ಟಿ, ಕರೆಂಟ್ ಹೋಗಿ, ವಾರಗಟ್ಟಲೆ ಯಾರೂ ಬಾರದಿರುವಾಗ.